ಎಪ್ಪತ್ತು ವರ್ಷದ ಮಾತನ್ನು ಈ ತಿಂಗಳ ಲಾಭ ಮಾಡಿದವರು

ಬೈಬಲಿನಲ್ಲಿ ಯೆರೆಮೀಯ ಎಂಬ ಪ್ರವಾದಿಯ ಗ್ರಂಥವಿದೆ. ಅದರ 29ನೇ ಅಧ್ಯಾಯದ 11ನೇ ವಚನವನ್ನು, ನೀವು ಕ್ರೈಸ್ತರಲ್ಲದಿದ್ದರೂ, ಎಲ್ಲಾದರೂ ಒಂದು ಕಡೆ ನೋಡಿರುತ್ತೀರಿ. ಗೋಡೆಯ ಕ್ಯಾಲೆಂಡರಿನಲ್ಲಿ, ಗೆಳೆಯರ ವಾಟ್ಸಾಪ್ ಸ್ಟೇಟಸ್ಸಿನಲ್ಲಿ, ಸೂರ್ಯೋದಯದ ಫೋಟೋ ಮೇಲೆ ಬರೆದ ಶುಭಾಶಯದಲ್ಲಿ. ದೇವರು ತನ್ನ ಜನರಿಗೆ ಬಯಸುವುದು ಕೇಡನ್ನಲ್ಲ, ಹಿತವನ್ನು. ಅವರ ಮುಂದಿನ ದಿನಗಳಿಗೆ ನಿರೀಕ್ಷೆ ಇದೆ ಎಂಬುದು ಅದರ ತಾತ್ಪರ್ಯ.

ಒಳ್ಳೆಯ ಮಾತು. ಇದನ್ನು ಓದಿ ಯಾರಿಗಾದರೂ ಧೈರ್ಯ ಬಂದರೆ ನಮಗೇನೂ ತಕರಾರಿಲ್ಲ. ತಕರಾರು ಇರುವುದು ಈ ಮಾತಿನ ಬೆನ್ನಿಗೆ ಅಂಟಿಸುವ ಇನ್ನೊಂದು ಮಾತಿನ ಬಗ್ಗೆ. ಮೊಬೈಲಿನಲ್ಲಿ ಬರುವ ಎಷ್ಟೋ ಪ್ರಸಂಗಗಳಲ್ಲಿ ಈ ವಚನ ಓದಿದ ಮರುಕ್ಷಣವೇ ಬೋಧಕರು ಹೇಳುತ್ತಾರೆ: ಈ ವಾಗ್ದಾನ ನಿನಗೇ, ಈ ವರ್ಷವೇ. ಸಾಲ ತೀರುತ್ತದೆ, ಮನೆ ಏಳುತ್ತದೆ, ಗಾಡಿ ಬರುತ್ತದೆ, ವೀಸಾ ಆಗುತ್ತದೆ. ನೀನು ಅದನ್ನು ನಿನ್ನದೆಂದು ಹಕ್ಕಿನಿಂದ ಹೇಳಬೇಕು. ಹೇಳಿದ ಮೇಲೆ ನಂಬಿಕೆಯ ಬೀಜ ಬಿತ್ತಬೇಕು. ಅಷ್ಟರಲ್ಲಿ ಪರದೆಯ ಕೆಳಗೆ ಫೋನ್‌ಪೇ ನಂಬರ್ ಬಂದಿರುತ್ತದೆ.

ನಾವು ಹಳ್ಳಿಗಳಿಂದ ಹೋಗಿ ಪತ್ರಿಕೋದ್ಯಮ ಓದಿ ಬಂದವರು. ನಮ್ಮ ಬಳಗದಲ್ಲಿ ಚರ್ಚಿಗೆ ಹೋಗುವವರೂ ಇದ್ದಾರೆ, ಹೋಗದವರೂ ಇದ್ದಾರೆ. ತರಗತಿಯಲ್ಲಿ ನಮಗೆ ಮೊದಲು ಕಲಿಸಿದ್ದು ಆರು ಪ್ರಶ್ನೆ: ಯಾರು, ಏನು, ಯಾವಾಗ, ಎಲ್ಲಿ, ಏಕೆ, ಹೇಗೆ. ಯಾರೋ ಆಡಿದ ಒಂದು ವಾಕ್ಯವನ್ನು ಹಿಂದುಮುಂದಿಲ್ಲದೆ ಕತ್ತರಿಸಿ ತಲೆಬರಹ ಮಾಡಿದರೆ ಅದು ಸುದ್ದಿಯಲ್ಲ, ಮೋಸ ಎಂದು ನಮ್ಮ ಮೇಷ್ಟ್ರುಗಳು ಹೇಳುತ್ತಿದ್ದರು. ಅದೇ ಆರು ಪ್ರಶ್ನೆಗಳನ್ನು ಈ ವಚನಕ್ಕೂ ಕೇಳೋಣ. ಇದು ಮತಾಂತರದ ಚರ್ಚೆಯಲ್ಲ, ಯಾರ ದೇವರು ದೊಡ್ಡವನು ಎಂಬ ಜಗಳವೂ ಅಲ್ಲ. ಒಂದು ಹಳೆಯ ಬರಹವನ್ನು ಹೇಗೆ ಓದಬೇಕು, ತಪ್ಪಾಗಿ ಓದಿಸಿದರೆ ಯಾರ ಜೇಬಿಗೆ ಕತ್ತರಿ ಬೀಳುತ್ತದೆ ಎಂಬ ಮಾತು.

ಅದು ಒಂದು ಕಾಗದ

ಮೊದಲು ತಿಳಿಯಬೇಕಾದದ್ದು: ಯೆರೆಮೀಯನ 29ನೇ ಅಧ್ಯಾಯ ಒಂದು ಕಾಗದ. ಊರಲ್ಲಿ ಉಳಿದವನೊಬ್ಬ ದೂರದೇಶಕ್ಕೆ ಸೆರೆಹೋದ ತನ್ನ ಜನರಿಗೆ ಬರೆದ ಪತ್ರ.

ಕ್ರಿ.ಪೂ. 597ರಲ್ಲಿ ಬಾಬಿಲೋನಿನ ರಾಜ ನೆಬೂಕದ್ನೆಚ್ಚರ ಜೆರೂಸಲೇಮನ್ನು ಹಿಡಿದ. ಇದನ್ನು ಬೈಬಲ್ ಒಂದೇ ಹೇಳುವುದಲ್ಲ. ಬಾಬಿಲೋನಿನವರೇ ಮಣ್ಣಿನ ಹಲಗೆಯ ಮೇಲೆ ಬರೆದಿಟ್ಟ ವರ್ಷವಾರು ದಾಖಲೆಯಲ್ಲೂ ಇದೆ. ಆ ಹಲಗೆ ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಯೆಹೂದದ ಯುವ ರಾಜ ಯೆಹೋಯಾಖೀನ, ಅವನ ತಾಯಿ, ಅಧಿಕಾರಿಗಳು, ಬಡಗಿಗಳು, ಕಮ್ಮಾರರು, ಹೀಗೆ ಕೈಕಸುಬು ಬಲ್ಲವರನ್ನೆಲ್ಲ ಗೆದ್ದವರು ಎಳೆದುಕೊಂಡು ಹೋದರು. ಎರಡನೇ ಅರಸುಗಳ ಗ್ರಂಥ 10,000 ಜನ ಎನ್ನುತ್ತದೆ. ಯೆರೆಮೀಯನ ಗ್ರಂಥದ ಕೊನೆಯ ಅಧ್ಯಾಯ 3,023 ಎನ್ನುತ್ತದೆ. ಎಷ್ಟೇ ಇರಲಿ, ಒಂದು ಸಣ್ಣ ರಾಜ್ಯದ ಬೆನ್ನೆಲುಬನ್ನೇ ಕಿತ್ತ ಹಾಗಾಯಿತು. ದಾರಿಯೇನು ಹತ್ತಿರದ್ದಲ್ಲ. ಮುಂದೆ ಎಜ್ರ ಎಂಬವನು ಬಾಬಿಲೋನಿನಿಂದ ಜೆರೂಸಲೇಮಿಗೆ ಬರಲು 4 ತಿಂಗಳು ಹಿಡಿಯಿತು.

ಹಾಗೆ ಹೋದವರ ಮನಸ್ಸು ಹೇಗಿರುತ್ತದೆ ಎಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಗುಳೆ ಹೋದವರು, ಅಣೆಕಟ್ಟಿಗೆ ಊರು ಕೊಟ್ಟವರು ನಮ್ಮಲ್ಲೂ ಇದ್ದಾರೆ. ನಾಳೆ ವಾಪಸು ಹೋಗುತ್ತೇವೆ, ಬರುವ ವರ್ಷ ಹೋಗುತ್ತೇವೆ ಎಂದು ಗಂಟುಮೂಟೆ ಬಿಚ್ಚದೆ ಕೂತ ಜನ ಅವರು. ಯೆರೆಮೀಯ ಜೆರೂಸಲೇಮಿನಲ್ಲೇ ಉಳಿದಿದ್ದ. ರಾಜನ ಕೆಲಸಕ್ಕೆ ಬಾಬಿಲೋನಿಗೆ ಹೊರಟಿದ್ದ ಇಬ್ಬರ ಕೈಯಲ್ಲಿ ಕಾಗದ ಕಳಿಸಿದ. ಅವರ ಹೆಸರೂ ಬರಹದಲ್ಲಿದೆ: ಶಾಫಾನನ ಮಗ ಎಲ್ಲಾಸ, ಹಿಲ್ಕೀಯನ ಮಗ ಗೆಮರ್ಯ.

ಕಾಗದದಲ್ಲಿ ಏನಿತ್ತು? ಗಂಟು ಬಿಚ್ಚಿ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಅದರ ಫಲ ತಿನ್ನಿ. ಮದುವೆ ಮಾಡಿಕೊಳ್ಳಿ, ಮಕ್ಕಳಿಗೂ ಮದುವೆ ಮಾಡಿಸಿ. ನಿಮ್ಮನ್ನು ಸೆರೆಹಿಡಿದವರ ಆ ಊರಿನ ಹಿತವನ್ನೇ ಬಯಸಿ, ಅದಕ್ಕಾಗಿ ಪ್ರಾರ್ಥಿಸಿ. ಅದರ ಹಿತದಲ್ಲೇ ನಿಮ್ಮ ಹಿತವಿದೆ. ಬೇಗ ಬಿಡುಗಡೆ ಎಂದು ಕನಸು ಹೇಳುವ ಪ್ರವಾದಿಗಳ ಮಾತಿಗೆ ಮರುಳಾಗಬೇಡಿ. ಎಪ್ಪತ್ತು ವರ್ಷ ತುಂಬಿದ ಮೇಲೆ ದೇವರು ನಿಮ್ಮನ್ನು ಹಿಂದಕ್ಕೆ ಕರೆತರುತ್ತಾನೆ.

ಇಷ್ಟೆಲ್ಲ ಹೇಳಿದ ಮೇಲೆ ಬರುತ್ತದೆ ಆ 11ನೇ ವಚನ. ಅದರ ಹಿಂದಿನ 10ನೇ ವಚನದಲ್ಲೇ ಎಪ್ಪತ್ತು ವರ್ಷದ ಲೆಕ್ಕ ಇದೆ. ಕ್ಯಾಲೆಂಡರಿನವರು 11ನ್ನು ಅಚ್ಚು ಹಾಕುತ್ತಾರೆ, 10ನ್ನು ಬಿಡುತ್ತಾರೆ.

ಎಪ್ಪತ್ತು ವರ್ಷ ಎಂದರೇನು ಲೆಕ್ಕ ಹಾಕಿ. ಕಾಗದ ಓದಿಸಿ ಕೇಳಿದಾಗ 30ರ ಪ್ರಾಯದವನಿದ್ದರೆ, ಮಾತು ಕೈಗೂಡುವಾಗ ಅವನಿಗೆ 100. ಅಂದರೆ ಆ ಜನರಲ್ಲಿ ಬಹುಪಾಲು ಮಂದಿಗೆ ಈ ವಾಗ್ದಾನದ ಅರ್ಥ: ನೀವು ಬಾಬಿಲೋನಿನಲ್ಲೇ ಸಾಯುತ್ತೀರಿ, ನಿಮ್ಮ ಮಕ್ಕಳು ಮೊಮ್ಮಕ್ಕಳು ಊರು ಕಾಣುತ್ತಾರೆ. ಇದನ್ನು ಕೇಳಿದವರೆಲ್ಲ ಸ್ತೋತ್ರ ಹೇಳಿ ಕುಣಿಯಲಿಲ್ಲ. ಶೆಮಾಯ ಎಂಬವನು ಬಾಬಿಲೋನಿನಿಂದಲೇ ಜೆರೂಸಲೇಮಿನ ಯಾಜಕನಿಗೆ ದೂರು ಬರೆದ: ಸೆರೆವಾಸ ಬಹಳ ದಿನದ್ದು, ಮನೆ ಕಟ್ಟಿಕೊಳ್ಳಿ ಎಂದು ಬರೆಯುವ ಈ ಯೆರೆಮೀಯನನ್ನು ಯಾಕೆ ಹಿಡಿದು ಕೋಳಕ್ಕೆ ಹಾಕಲಿಲ್ಲ ಎಂದು. ಅದೇ 29ನೇ ಅಧ್ಯಾಯದ ಕೊನೆಯಲ್ಲಿ ಇದೆ. ಇಂದು ಶುಭಾಶಯವಾಗಿ ಹಂಚುವ ಕಾಗದ ಅಂದು ಅಶುಭ ಸುದ್ದಿ ಎಂದು ದೂರಿಗೆ ಗುರಿಯಾಗಿತ್ತು.

ಇನ್ನೊಂದು ಸಂಗತಿ ವ್ಯಾಕರಣದ್ದು. ಹೀಬ್ರೂ ಮೂಲದಲ್ಲಿ ಆ ವಚನದ ‘ನಿಮಗೆ’ ಎಂಬುದು ಬಹುವಚನ, ಸೆರೆಹೋದ ಇಡೀ ಜನಕ್ಕೆ ಹೇಳಿದ್ದು. ಕನ್ನಡದಲ್ಲಿ ನಮಗೊಂದು ತೊಡಕಿದೆ. ‘ನಿಮಗೆ’ ಎಂದರೆ ಹತ್ತು ಜನರಿಗೂ ಆಗುತ್ತದೆ, ಗೌರವ ಕೊಟ್ಟು ಒಬ್ಬರಿಗೆ ಹೇಳಿದ್ದೂ ಆಗುತ್ತದೆ. ಹಾಗಾಗಿ ಒಬ್ಬನೇ ಕೂತು ಮೊಬೈಲಿನಲ್ಲಿ ಓದುವವನಿಗೆ ಅದು ತನಗೊಬ್ಬನಿಗೇ ಬಂದ ಸಂದೇಶದಂತೆ ಕಾಣುವುದು ಸಹಜ. ಅದನ್ನು ಸರಿಪಡಿಸಬೇಕಾದವರು ಬೋಧಕರು. ಹಲವರು ಅದನ್ನೇ ಬಂಡವಾಳ ಮಾಡಿಕೊಂಡಿದ್ದಾರೆ.

ಮಣ್ಣಿನ ಹಲಗೆಗಳು ಹೇಳುವುದು

ಆ ಜನ ಬಾಬಿಲೋನಿನಲ್ಲಿ ನಿಜವಾಗಿ ಹೇಗೆ ಬದುಕಿದರು? ಇದಕ್ಕೆ ಸಾಕ್ಷಿ ಸಿಕ್ಕಿದೆ. ಬಾಬಿಲೋನಿನ ಅರಮನೆಯ ಉಗ್ರಾಣದ ಲೆಕ್ಕದ ಹಲಗೆಗಳಲ್ಲಿ ಯೆಹೂದದ ರಾಜ ಯೆಹೋಯಾಖೀನನಿಗೂ ಅವನ 5 ಗಂಡುಮಕ್ಕಳಿಗೂ ಎಣ್ಣೆ ಅಳೆದು ಕೊಟ್ಟ ಬಾಬತ್ತು ಇದೆ. ಅದನ್ನು 1939ರಲ್ಲಿ ವಿದ್ವಾಂಸ ಅರ್ನ್ಸ್ಟ್ ವೈಡ್ನರ್ ಪ್ರಕಟಿಸಿದರು. ಸಿಂಹಾಸನ ಕಳೆದುಕೊಂಡ ರಾಜ, ಶತ್ರುವಿನ ಉಗ್ರಾಣದಿಂದ ಪಡಿ ತಿಂದುಕೊಂಡಿದ್ದ.

ಸಾಮಾನ್ಯ ಜನರ ಕಥೆ ಇನ್ನೂ ಕುತೂಹಲದ್ದು. 2014ರಲ್ಲಿ ಲಾರಿ ಪಿಯರ್ಸ್ ಮತ್ತು ಕಾರ್ನೇಲಿಯಾ ವುನ್ಶ್ ಎಂಬ ವಿದ್ವಾಂಸರು ಇಂಥ ಮಣ್ಣಿನ ಹಲಗೆಗಳ ಒಂದು ದೊಡ್ಡ ಕಂತೆಯನ್ನು ಓದಿ ಪ್ರಕಟಿಸಿದರು. ಅದರಲ್ಲಿ ‘ಅಲ್ ಯಾಹೂದು’ ಎಂಬ ಊರಿನ ಹೆಸರು ಬರುತ್ತದೆ. ಯೆಹೂದದವರ ಊರು ಎಂದು ಅರ್ಥ. ನಮ್ಮಲ್ಲಿ ಅಣೆಕಟ್ಟಿನಲ್ಲಿ ಊರು ಮುಳುಗಿದವರು ಹೊಸ ಜಾಗಕ್ಕೂ ಹಳೆಯ ಹೆಸರನ್ನೇ ಇಟ್ಟುಕೊಳ್ಳುತ್ತಾರಲ್ಲ, ಹಾಗೆ. ಹಲಗೆಗಳಲ್ಲಿ ಇರುವುದು ಪವಾಡಗಳಲ್ಲ. ಬಾರ್ಲಿ, ಖರ್ಜೂರ, ಗೇಣಿ, ತೆರಿಗೆ, ಸಾಲ, ಸಾಕ್ಷಿಗಳ ಹೆಸರು. ಅಪ್ಪ, ಮಗ, ಮೊಮ್ಮಗ ಎಂದು ತಲೆಮಾರುಗಳ ವ್ಯವಹಾರ.

ಅಂದರೆ ಯೆರೆಮೀಯನ ಕಾಗದ ಹೇಳಿದಂತೆಯೇ ಅವರ ಬದುಕು ನಡೆಯಿತು. ಮನೆ ಕಟ್ಟಿದರು, ತೋಟ ಮಾಡಿದರು, ತೆರಿಗೆ ಕಟ್ಟಿದರು, ಮಕ್ಕಳನ್ನು ಬೆಳೆಸಿದರು. ಕ್ರಿ.ಪೂ. 539ರಲ್ಲಿ ಪರ್ಷಿಯಾದ ಸೈರಸ್ (ಕನ್ನಡ ಬೈಬಲಿನ ಕೋರೆಷ) ಬಾಬಿಲೋನನ್ನು ಗೆದ್ದ ಮೇಲೆ ಹಿಂದಿರುಗುವ ದಾರಿ ತೆರೆಯಿತು. ಆಗಲೂ ಎಲ್ಲರೂ ಹೋಗಲಿಲ್ಲ. ಆ ಹಲಗೆಗಳಲ್ಲಿ ಕೆಲವು ಸೈರಸ್‌ನ ನಂತರದ ಕಾಲದವು. ಆ ಜನರ ನಿರೀಕ್ಷೆ ಲಾಟರಿಯಂತೆ ಬಂದು ಬೀಳಲಿಲ್ಲ. ತೆಂಗಿನ ಸಸಿ ನೆಟ್ಟು ಮಕ್ಕಳಿಗೆ ಬಿಟ್ಟುಹೋದ ಹಾಗೆ ಬಂತು.

ಎರಡು ವರ್ಷದ ಪ್ರವಾದಿ

ಇನ್ನು ಹಿಂದಿನ ಅಧ್ಯಾಯಕ್ಕೆ, 28ಕ್ಕೆ ಬನ್ನಿ. ನಮ್ಮ ಇಡೀ ಮಾತಿನ ತಿರುಳು ಅಲ್ಲಿದೆ.

ಗಿಬ್ಯೋನಿನ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಇದ್ದ. ಯೆರೆಮೀಯ ಆಗ ಕುತ್ತಿಗೆಗೆ ಮರದ ನೊಗ ಹಾಕಿಕೊಂಡು ಓಡಾಡುತ್ತಿದ್ದ. ಬಾಬಿಲೋನಿನ ನೊಗಕ್ಕೆ ಸದ್ಯ ಹೆಗಲು ಕೊಡದೆ ದಾರಿಯಿಲ್ಲ ಎಂದು ಜನರಿಗೆ ಕಣ್ಣಿಗೆ ಕಾಣುವಂತೆ ಹೇಳುವ ರೀತಿ ಅದು. ಹನನ್ಯ ದೇವಾಲಯದಲ್ಲಿ, ಎಲ್ಲರೆದುರು, ದೇವರ ಹೆಸರಿನಲ್ಲೇ ಘೋಷಿಸಿದ: ಎರಡೇ ವರ್ಷ. ಎರಡು ವರ್ಷದೊಳಗೆ ದೇವಾಲಯದ ಪಾತ್ರೆಗಳೂ ಬರುತ್ತವೆ, ರಾಜನೂ ಬರುತ್ತಾನೆ, ಸೆರೆಹೋದವರೆಲ್ಲ ಬರುತ್ತಾರೆ. ಆಮೇಲೆ ಯೆರೆಮೀಯನ ಕುತ್ತಿಗೆಯ ನೊಗ ಕಿತ್ತು ಮುರಿದು ಹಾಕಿದ.

ಆ ಸಭೆಯಲ್ಲಿ ನೀವು ನಾವು ಇದ್ದಿದ್ದರೆ ಯಾರಿಗೆ ಚಪ್ಪಾಳೆ ತಟ್ಟುತ್ತಿದ್ದೆವು? ಮಗನನ್ನು ಬಾಬಿಲೋನಿಗೆ ಕಳಕೊಂಡ ತಾಯಿ ಯಾರ ಮಾತು ಕೇಳಲು ಬಯಸುತ್ತಿದ್ದಳು? ಯೆರೆಮೀಯನೇ ಮೊದಲು ಆಮೆನ್ ಎಂದ, ದೇವರು ಹಾಗೇ ಮಾಡಲಿ ಎಂದ. ಅವನಿಗೂ ಅದೇ ಬೇಕಿತ್ತು. ಆದರೆ ಒಂದು ಮಾತು ಸೇರಿಸಿದ: ಸುಖ ಸಮಾಧಾನದ ಭವಿಷ್ಯ ಹೇಳುವ ಪ್ರವಾದಿಯನ್ನು ದೇವರು ನಿಜವಾಗಿ ಕಳಿಸಿದನೋ ಎಂಬುದು, ಆ ಮಾತು ನಡೆದಾಗ ಗೊತ್ತಾಗುತ್ತದೆ.

ನಡೆಯಲಿಲ್ಲ. ಎರಡು ವರ್ಷದಲ್ಲಿ ಯಾರೂ ಬರಲಿಲ್ಲ. ಆ ಗ್ರಂಥದ ಪ್ರಕಾರ ಹನನ್ಯನೇ ಅದೇ ವರ್ಷ, ಎರಡು ತಿಂಗಳಲ್ಲಿ ತೀರಿಕೊಂಡ. ಆಮೇಲೆ ಚಿದ್ಕೀಯ ರಾಜ ಬಾಬಿಲೋನಿನ ವಿರುದ್ಧ ದಂಗೆ ಎದ್ದ, ಕ್ರಿ.ಪೂ. 586ರ ಹೊತ್ತಿಗೆ ಜೆರೂಸಲೇಮ್ ಸುಟ್ಟುಹೋಯಿತು, ದೇವಾಲಯ ನೆಲಸಮವಾಯಿತು.

ಈಗ ಯೋಚಿಸಿ. ಹನನ್ಯ ಹೇಳಿದ್ದು ಬೇಗ, ಸುಲಭ, ಖಂಡಿತ. ಯೆರೆಮೀಯ ಹೇಳಿದ್ದು ತಡ, ಕಷ್ಟ, ಆದರೂ ನಿಜ. ಇಂದು 29:11ನ್ನು ಹಿಡಿದು ಈ ವರ್ಷವೇ ನಿನ್ನ ಸಾಲ ತೀರುತ್ತದೆ ಎನ್ನುವವರು ಓದುವುದು ಯೆರೆಮೀಯನ ಮಾತನ್ನು. ಅವರು ಕೂತಿರುವುದು ಹನನ್ಯನ ಜಾಗದಲ್ಲಿ. ಯಾವ ಪ್ರವಾದಿಗಳನ್ನು ನಂಬಬೇಡಿ ಎಂದು ಆ ಕಾಗದ ಎಚ್ಚರಿಸಿತೋ, ಆ ಕಾಗದದಿಂದಲೇ ಒಂದು ಸಾಲು ಕಿತ್ತುಕೊಂಡು ಅವರದೇ ಕೆಲಸ ನಡೆಸಿದ್ದಾರೆ. ಇದಕ್ಕಿಂತ ದೊಡ್ಡ ತಿರುಚು ಇನ್ನೊಂದಿಲ್ಲ.

ಬೀಜ ಎಂಬ ಮಾತು ಬಂದದ್ದೆಲ್ಲಿಂದ

ಈ ‘ಸಮೃದ್ಧಿಯ ಬೋಧನೆ’ ಹಳೆಯ ಕಾಲದ್ದೇನಲ್ಲ. ಇಂದಿನ ರೂಪದಲ್ಲಿ ಅದು ಬೆಳೆದದ್ದು 20ನೇ ಶತಮಾನದ ಅಮೆರಿಕದಲ್ಲಿ. ಕೆನೆತ್ ಹೇಗಿನ್ ಎಂಬ ಬೋಧಕ, ನಂಬಿಕೆಯಿಂದ ಬಾಯಿಬಿಟ್ಟು ಹೇಳಿದ್ದು ಕೈಗೆ ಬರುತ್ತದೆ ಎಂಬ ಬೋಧನೆಯನ್ನು ಹರಡಿದರು. ಓರಲ್ ರಾಬರ್ಟ್ಸ್ ಎಂಬ ಟಿವಿ ಬೋಧಕ, ಕಾಣಿಕೆ ಒಂದು ಬೀಜ, ಬಿತ್ತಿದರೆ ಫಸಲು ಬರುತ್ತದೆ ಎಂಬ ಮಾತನ್ನು ಮನೆಮಾತು ಮಾಡಿದರು. 1987ರಲ್ಲಿ ಅವರು 80 ಲಕ್ಷ ಡಾಲರ್ ಕೂಡದಿದ್ದರೆ ದೇವರು ತನ್ನನ್ನು ಮೇಲಕ್ಕೆ ಕರೆದುಕೊಳ್ಳುತ್ತಾನೆ ಎಂದು ಟಿವಿಯಲ್ಲಿ ಹೇಳಿ ಸುದ್ದಿಯಾದರು. ಉಪಗ್ರಹ ಟಿವಿ ಬಂದ ಮೇಲೆ ಈ ಬೋಧನೆ ಆಫ್ರಿಕಾ, ಏಷ್ಯಾದ ಬಡ ಊರುಗಳಿಗೆ ಹರಡಿತು; ಈಗ ಮೊಬೈಲಿನ ಮೂಲಕ ನಮ್ಮ ಜಗಲಿಗೂ ಬಂದಿದೆ.

ಇದನ್ನು ವಿರೋಧಿಸಿದವರು ಬರೀ ನಾಸ್ತಿಕರು ಎಂದುಕೊಳ್ಳಬೇಡಿ. ಲೌಸಾನ್ ಚಳವಳಿ ಎಂಬ ಜಾಗತಿಕ ಕ್ರೈಸ್ತ ವೇದಿಕೆಯ ಆಫ್ರಿಕಾದ ಚಿಂತಕರು 2008 ಮತ್ತು 2009ರಲ್ಲಿ ಘಾನಾ ದೇಶದ ಅಕ್ರೊಪಾಂಗ್‌ನಲ್ಲಿ ಸೇರಿ ಚರ್ಚಿಸಿದರು. ಅದರಿಂದ ಹೊರಬಂದ ಹೇಳಿಕೆ ಈ ಬೋಧನೆಯನ್ನು ಬೈಬಲಿಗೆ ತಕ್ಕುದಲ್ಲ ಎಂದು ಖಂಡಿಸಿತು. ಬಡತನವನ್ನು ಹತ್ತಿರದಿಂದ ಕಂಡ ಊರುಗಳ ಕ್ರೈಸ್ತರೇ ಆಡಿದ ಮಾತು ಅದು.

ಬೀಜದ ಹೋಲಿಕೆ ನಮ್ಮ ರೈತರಿಗೆ ಬಲು ಬೇಗ ತಟ್ಟುತ್ತದೆ. ಅದಕ್ಕೇ ಅದು ಅಪಾಯ. ನಿಜವಾದ ಬೀಜದ ಅಂಗಡಿಯವನು ಬಿಲ್ ಕೊಡುತ್ತಾನೆ. ಮೊಳಕೆ ಬರದಿದ್ದರೆ ಆ ಬಿಲ್ ಮತ್ತು ಚೀಲ ಹಿಡಿದುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ದೂರು ಕೊಡಬಹುದು. ನಂಬಿಕೆಯ ಬೀಜಕ್ಕೆ ಬಿಲ್ಲೂ ಇಲ್ಲ, ದೂರೂ ಇಲ್ಲ. ಮೊಳಕೆ ಬರದಿದ್ದರೆ ತಪ್ಪು ಬೀಜದ್ದಲ್ಲ, ಮಾರಿದವನದ್ದೂ ಅಲ್ಲ. ನಿನ್ನ ಹೊಲ ಸರಿಯಿಲ್ಲ, ನಿನ್ನ ನಂಬಿಕೆ ಸಾಲದು ಎನ್ನುತ್ತಾರೆ. ಕೊಟ್ಟ ದುಡ್ಡೂ ಹೋಯಿತು, ಮೇಲೆ ಪಾಪದ ಹೊರೆಯೂ ಬಂತು. ಮಗುವಿನ ಕಾಯಿಲೆ ವಾಸಿಯಾಗದ ತಾಯಿಗೆ ಈ ಮಾತು ಹೇಳಿದರೆ ಅವಳು ಎರಡು ಸಲ ಸಾಯುತ್ತಾಳೆ.

ಇನ್ನೂ ಮೂರು ವಚನ

ಯೆರೆಮೀಯನದು ಒಂದೇ ಉದಾಹರಣೆಯಲ್ಲ. ಹೆಚ್ಚಾಗಿ ಬಳಸುವ ಇನ್ನೂ ಮೂರನ್ನು ನೋಡೋಣ.

ಯೆಶಾಯನ ಗ್ರಂಥದ 45:3ರಲ್ಲಿ ಕತ್ತಲಲ್ಲಿ ಬಚ್ಚಿಟ್ಟ ನಿಧಿಯನ್ನು ಕೊಡುವ ಮಾತಿದೆ. ನಿನಗೆ ಗುಪ್ತ ಸಂಪತ್ತು ಸಿಗಲಿದೆ ಎಂದು ಇದನ್ನು ಹಂಚುತ್ತಾರೆ. ಎರಡು ಸಾಲು ಮೇಲೆ ನೋಡಿದರೆ ಸಾಕು, ಯಾರಿಗೆ ಹೇಳಿದ್ದು ಎಂದು ಹೆಸರಿನ ಸಮೇತ ಇದೆ: ಪರ್ಷಿಯಾದ ರಾಜ ಕೋರೆಷನಿಗೆ. ಅವನು ರಾಜ್ಯಗಳನ್ನು ಗೆಲ್ಲುವ, ಸೆರೆಯವರನ್ನು ಬಿಡಿಸುವ ಸಂದರ್ಭದ ಮಾತು ಅದು. ಇನ್ನೊಬ್ಬರ ಹೆಸರಿಗೆ ಬಂದ ಮನಿಯಾರ್ಡರಿಗೆ ನಾವು ಸಹಿ ಹಾಕಲು ಆಗುತ್ತದೆಯೇ?

ಮಲಾಕಿಯನ 3:10 ದಶಮಾಂಶದ ವಚನ. ಹತ್ತರಲ್ಲೊಂದು ಪಾಲು ತಂದರೆ ದೇವರು ಆಕಾಶದ ಬಾಗಿಲು ತೆರೆಯುತ್ತಾನೆ ಎಂಬ ಅರ್ಥದ್ದು. ಅಲ್ಲಿ ತರಬೇಕಾದದ್ದು ದವಸಧಾನ್ಯ, ತರಬೇಕಾದ ಜಾಗ ದೇವಾಲಯದ ಉಗ್ರಾಣ, ಉದ್ದೇಶ ಅಲ್ಲಿ ಆಹಾರವಿರಲಿ ಎಂಬುದು. ಧರ್ಮೋಪದೇಶಕಾಂಡದ 14ನೇ ಅಧ್ಯಾಯದ ಪ್ರಕಾರ ಪ್ರತಿ ಮೂರನೇ ವರ್ಷದ ದಶಮಾಂಶದಲ್ಲಿ ಹೊಲವಿಲ್ಲದ ಲೇವಿಯರಿಗೂ ಪರದೇಶಿ, ಅನಾಥ, ವಿಧವೆಯರಿಗೂ ಪಾಲು. ಅದೇ ಮಲಾಕಿಯನ ಅದೇ 3ನೇ ಅಧ್ಯಾಯದ 5ನೇ ವಚನ, ಕೂಲಿಯವನ ಕೂಲಿ ಹಿಡಿಯುವವರಿಗೆ, ವಿಧವೆ ಅನಾಥರನ್ನು ಪೀಡಿಸುವವರಿಗೆ ದೇವರ ತೀರ್ಪು ಕಾದಿದೆ ಎನ್ನುತ್ತದೆ. 10ನ್ನು ಬಾಯಿಪಾಠ ಮಾಡಿಸುವವರು 5ನ್ನು ಯಾಕೆ ಓದಿಸುವುದಿಲ್ಲ? ಇನ್ನೊಂದು ವಿಷಯ: ನೆಹೆಮೀಯ ಎಂಬ ಅಧಿಪತಿ ಆ ಉಗ್ರಾಣದ ಮೇಲೆ ನಂಬಿಗಸ್ತರೆನಿಸಿದ ನಾಲ್ವರನ್ನು ಹೆಸರು ಹಿಡಿದು ನೇಮಿಸಿದ್ದ, ಅವರಲ್ಲಿ ಒಬ್ಬ ಲೇಖಕ, ಅಂದರೆ ಬರವಣಿಗೆ ಬಲ್ಲವನು. ದೇವರ ಮನೆಯ ಧಾನ್ಯಕ್ಕೂ ಉಸ್ತುವಾರಿ ಇತ್ತು.

ಮೂರನೆಯದು ಹಬಕ್ಕೂಕನದು. ದರ್ಶನವನ್ನು ಹಲಗೆಯ ಮೇಲೆ ಸ್ಪಷ್ಟವಾಗಿ ಬರೆ ಎಂಬ ಅರ್ಥದ 2:2ನ್ನು ಹಿಡಿದು, ನಿಮಗೆ ಬೇಕಾದ ಮನೆ ಕಾರುಗಳ ಪಟ್ಟಿ ಬರೆದು ಗೋಡೆಗೆ ಅಂಟಿಸಿ ಎಂದು ಕಲಿಸುವವರಿದ್ದಾರೆ. ಆ ದರ್ಶನ ಇದ್ದದ್ದು ದಬ್ಬಾಳಿಕೆಯ ಸಾಮ್ರಾಜ್ಯಕ್ಕೆ ಅಂತ್ಯ ಕಾದಿದೆ ಎಂಬುದರ ಬಗ್ಗೆ. ನಾಲ್ಕು ವಚನ ದಾಟಿದರೆ, ತನ್ನದಲ್ಲದ್ದನ್ನು ಗುಡ್ಡೆ ಹಾಕಿಕೊಳ್ಳುವವನಿಗೆ, ಅಡವಿನ ಮೇಲೆ ಅಡವು ಹೇರಿಕೊಳ್ಳುವವನಿಗೆ ಧಿಕ್ಕಾರವಿದೆ. ಗ್ರಂಥ ಮುಗಿಯುವುದು ಇನ್ನೊಂದೇ ಧಾಟಿಯಲ್ಲಿ: ಅಂಜೂರ ಚಿಗುರದಿದ್ದರೂ, ಹೊಲದಲ್ಲಿ ಬೆಳೆ ಇಲ್ಲದಿದ್ದರೂ, ಕೊಟ್ಟಿಗೆಯಲ್ಲಿ ದನ ಇಲ್ಲದಿದ್ದರೂ ತಾನು ದೇವರಲ್ಲಿ ಸಂತೋಷಪಡುವೆನು ಎಂದು ಪ್ರವಾದಿ ಹೇಳುತ್ತಾನೆ. ಬರಗಾಲ ಕಂಡ ಯಾವ ರೈತನಿಗೂ ಈ ಮಾತಿನ ತೂಕ ಗೊತ್ತಾಗುತ್ತದೆ. ಇದು ಫಸಲಿಗಾಗಿ ಮಾಡಿದ ವ್ಯಾಪಾರವಲ್ಲ. ಫಸಲು ಹೋದ ಮೇಲೂ ಉಳಿಯುವ ನಂಬಿಕೆ.

ಹಾಗಾದರೆ ಅದರಲ್ಲಿ ನಮಗೇನೂ ಇಲ್ಲವೇ?

ಇಷ್ಟು ಹೇಳಿದಾಗ ಓದುಗರು ಕೇಳಬಹುದು: ಎಲ್ಲವೂ 2,600 ವರ್ಷ ಹಿಂದಿನವರಿಗೆ ಹೇಳಿದ್ದಾದರೆ ನಾವು ಓದುವುದೇಕೆ? ಆಸ್ಪತ್ರೆಯಲ್ಲಿ ಮಲಗಿದ ಅಜ್ಜಿ ಆ ವಚನ ಓದಿ ಸಮಾಧಾನ ಪಟ್ಟರೆ ಅದನ್ನೂ ಕಿತ್ತುಕೊಳ್ಳುತ್ತೀರಾ?

ಇಲ್ಲ. ಅಜ್ಜಿಯ ಕೈಯಿಂದ ಯಾರೂ ಪುಸ್ತಕ ಕಸಿದುಕೊಳ್ಳಬಾರದು. ಬೈಬಲನ್ನು ನಂಬುವವರಿಗೆ ಆ ಕಾಗದದಲ್ಲಿ ಕಾಣುವ ದೇವರು ಇಂದಿಗೂ ಅವನೇ. ಅಂದು ತನ್ನ ಜನರನ್ನು ಮರೆಯದವನು ಇಂದೂ ಮರೆಯುವುದಿಲ್ಲ ಎಂದು ಅವರು ತಿಳಿದರೆ ಅದು ಕಾಗದಕ್ಕೆ ಒಪ್ಪುವ ಓದು. ಸೆರೆಯವರಿಗೆ ಹೇಳಿದ ಮಾತಿನಿಂದ ಧೈರ್ಯ ಪಡೆಯುವುದು ಬೇರೆ, ಅದನ್ನು ತನ್ನ ಹೆಸರಿಗೆ ಬರೆದ ಚೆಕ್ಕಿನಂತೆ ತೋರಿಸಿ ದುಡ್ಡು ಕೇಳುವುದು ಬೇರೆ.

ಸಂದರ್ಭದೊಡನೆ ಓದಿದರೆ ಬಡವನಿಗೆ ಸಿಗುವುದು ಕಡಿಮೆಯಲ್ಲ, ಹೆಚ್ಚು ಎಂಬುದು ನಮ್ಮ ಅಭಿಪ್ರಾಯ. ಹೇಗೆ? ಸಮೃದ್ಧಿಯ ಬೋಧನೆಯ ಲೆಕ್ಕದಲ್ಲಿ ಕಷ್ಟದಲ್ಲಿರುವವನು ನಂಬಿಕೆ ಇಲ್ಲದವನು. ಯೆರೆಮೀಯನ ಕಾಗದದಲ್ಲಿ ಕಷ್ಟದಲ್ಲಿರುವವರಿಗೇ ದೇವರ ಮಾತು ಬರುತ್ತದೆ, ಕಷ್ಟ ಮುಗಿಯುವ ಮೊದಲೇ ಬರುತ್ತದೆ. ಅಲ್ಲಿ ಯಾವ ಕಾಣಿಕೆಯ ಷರತ್ತೂ ಇಲ್ಲ. ಇಂದು ಕೈಯಲ್ಲಿರುವ ಕೆಲಸ ಮಾಡು, ಊರಿನ ಹಿತ ನೋಡು, ಮಕ್ಕಳನ್ನು ಬೆಳೆಸು, ನಿರೀಕ್ಷೆ ಬಿಡಬೇಡ ಎನ್ನುತ್ತದೆ. ಇದು ಯಾವ ಧರ್ಮದ ಹಳ್ಳಿಯವನಿಗೂ ಅರ್ಥವಾಗುವ ಬುದ್ಧಿಮಾತು.

ಯೆರೆಮೀಯನ ಸ್ವಂತ ಬದುಕನ್ನೇ ನೋಡಿ. ಹೊಡೆಸಿಕೊಂಡ, ಕೋಳದಲ್ಲಿ ಕೂತ. ಕೆಸರು ತುಂಬಿದ ಬಾವಿಯೊಳಗೆ ಇಳಿಬಿಟ್ಟರು. ಎಬೆದ್ಮೆಲೆಕ್ ಎಂಬ ಕೂಷ್ ದೇಶದವನು ಹಳೆಯ ಚಿಂದಿಬಟ್ಟೆ, ಹಗ್ಗ ಇಳಿಸಿ ಮೇಲೆತ್ತಿದ. ಕೊನೆಗೆ ಅವನ ಮಾತು ಮೀರಿ ಅವನನ್ನು ಈಜಿಪ್ಟಿಗೆ ಎಳೆದೊಯ್ದರು. ಸಮೃದ್ಧಿಯ ಅಳತೆಗೋಲು ಹಿಡಿದರೆ 29:11ನ್ನು ಬರೆದವನೇ ನಂಬಿಕೆ ಸಾಲದವನು ಎಂದಾಗುತ್ತದೆ.

ಅವನು ಮಾಡಿದ ಒಂದು ಜಮೀನಿನ ವ್ಯವಹಾರ 32ನೇ ಅಧ್ಯಾಯದಲ್ಲಿದೆ. ಬಾಬಿಲೋನಿನ ಸೈನ್ಯ ಜೆರೂಸಲೇಮನ್ನು ಮುತ್ತಿದೆ, ಯೆರೆಮೀಯ ಸೆರೆಯಲ್ಲಿದ್ದಾನೆ. ಅಷ್ಟರಲ್ಲಿ ಚಿಕ್ಕಪ್ಪನ ಮಗ ಹನಮೇಲ ಬಂದು ಅನಾತೋತಿನ ಹೊಲ ಕೊಂಡುಕೋ ಎನ್ನುತ್ತಾನೆ. ಶತ್ರುಗಳು ಹಿಡಿದ ಊರಿನ ಹೊಲಕ್ಕೆ ಯಾರು ದುಡ್ಡು ಹಾಕುತ್ತಾರೆ? ಯೆರೆಮೀಯ 17 ಶೆಕೆಲ್ ಬೆಳ್ಳಿ, ಸುಮಾರು 200 ಗ್ರಾಂ, ತೂಗಿ ಕೊಟ್ಟ. ಪತ್ರ ಬರೆಸಿ, ಸಾಕ್ಷಿ ಹಾಕಿಸಿ, ಮುದ್ರೆ ಒತ್ತಿದ. ಮುದ್ರೆ ಹಾಕಿದ ಪ್ರತಿ, ತೆರೆದ ಪ್ರತಿ ಎರಡನ್ನೂ ಬಹುಕಾಲ ಉಳಿಯಲಿ ಎಂದು ಮಣ್ಣಿನ ಗಡಿಗೆಯಲ್ಲಿಡಲು ಬಾರೂಕನಿಗೆ ಕೊಟ್ಟ. ಈ ನಾಡಿನಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿತೋಟ ಕೊಳ್ಳುವ ಕಾಲ ಬರುತ್ತದೆ ಎಂಬುದು ಅದರ ಅರ್ಥ. ಆ ಹೊಲದಲ್ಲಿ ಅವನು ಉತ್ತು ಬಿತ್ತಿದ ಸುದ್ದಿ ಗ್ರಂಥದಲ್ಲಿ ಎಲ್ಲೂ ಇಲ್ಲ. ತನಗಲ್ಲದ ನಾಳೆಗಾಗಿ ಇಂದು ತನ್ನ ದುಡ್ಡು ಹಾಕಿದ. ಇದೂ ಬೀಜವೇ. ಆದರೆ ಬೋಧಿಸಿದವನು ತನ್ನ ಜೇಬಿನಿಂದ ಹಾಕಿದ ಬೀಜ.

ಓದುವಾಗ ಕೇಳಿ

ಬಳ್ಳಾರಿಯಲ್ಲಿ ನೆಲೆಸಿದ್ದ ಜಾನ್ ಹ್ಯಾಂಡ್ಸ್ ಎಂಬ ಪಾದ್ರಿ 19ನೇ ಶತಮಾನದ ಮೊದಲ ದಶಕಗಳಲ್ಲಿ ಬೈಬಲನ್ನು ಕನ್ನಡಕ್ಕೆ ತರಲು ದುಡಿದರು. ಆಮೇಲೆ ಅದನ್ನು ತಿದ್ದಿದವರು, ಹೊಸದಾಗಿ ಅನುವಾದಿಸಿದವರು ಹಲವರು. ಇಂದು ಇಡೀ ಕನ್ನಡ ಬೈಬಲ್ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ. ಜನ ತಮ್ಮ ನುಡಿಯಲ್ಲಿ ತಾವೇ ಓದಲಿ ಎಂದು ಅಷ್ಟೆಲ್ಲ ಕಷ್ಟಪಟ್ಟದ್ದು. ಹಾಗಿರುವಾಗ ಫಾರ್ವರ್ಡ್ ಬಂದ ಒಂದು ಸಾಲಿಗೇ ನಿಲ್ಲಬೇಕಾಗಿಲ್ಲ. ವಚನ ಬಂದರೆ ಅಧ್ಯಾಯ ತೆರೆಯಿರಿ, ಹಿಂದಿನ ಅಧ್ಯಾಯವನ್ನೂ ಓದಿ. ಯಾರು ಹೇಳಿದ್ದು, ಯಾರಿಗೆ, ಯಾವ ಸಂಕಟದಲ್ಲಿ ಎಂದು ಕೇಳಿ. ‘ನೀವು’ ಎಂದರೆ ಒಬ್ಬರೋ ಊರೋ ನೋಡಿ. ವಚನ ಓದಿದವರು ಅದರ ನಂತರ ದುಡ್ಡು ಕೇಳಿದರೆ, ಯಾತಕ್ಕೆ, ಲೆಕ್ಕ ಯಾರಲ್ಲಿದೆ, ರಸೀದಿ ಎಲ್ಲಿ ಎಂದು ಕೇಳಿ. ಸಾಲ ಮಾಡಿ, ಒಡವೆ ಅಡವಿಟ್ಟು, ಸ್ವಸಹಾಯ ಸಂಘದ ಕಂತು ತಪ್ಪಿಸಿ ಕಾಣಿಕೆ ಕೊಡಬೇಡಿ. ಡಾಕ್ಟರು ಕೊಟ್ಟ ಮಾತ್ರೆಯನ್ನು ಯಾರ ಮಾತಿಗೂ ನಿಲ್ಲಿಸಬೇಡಿ.

ಪ್ರಶ್ನೆ ಕೇಳುವುದು ನಂಬಿಕೆಗೆ ವಿರೋಧ ಎಂದು ಯಾರಾದರೂ ಹೆದರಿಸಿದರೆ, ಮತ್ತಾಯನ ಸುವಾರ್ತೆಯ 4ನೇ ಅಧ್ಯಾಯ ತೋರಿಸಿ. ಅಲ್ಲಿ ಯೇಸುವಿನ ಮುಂದೆ ವಾಗ್ದಾನದ ವಚನ ಹೇಳಿ, ನಂಬಿ ಧುಮುಕು ಎಂದವನು ಸೈತಾನ. ಅವನು ಹೇಳಿದ್ದು ಕೀರ್ತನೆಗಳ ಗ್ರಂಥದ ನಿಜವಾದ ವಚನವೇ. ಯೇಸು ಧುಮುಕಲಿಲ್ಲ. ಇನ್ನೊಂದು ವಚನ ಎದುರಿಟ್ಟು, ದೇವರನ್ನು ಪರೀಕ್ಷಿಸಬಾರದು ಎಂದ. ವಚನ ಸರಿಯಾಗಿರುವುದು ಬೇರೆ, ಬಳಸಿದ ರೀತಿ ಸರಿಯಾಗಿರುವುದು ಬೇರೆ ಎಂಬುದಕ್ಕೆ ಬೈಬಲಿನೊಳಗೇ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಹಳ್ಳಿಯಲ್ಲಿ ಸಾಲವಿದೆ, ಮಳೆಯ ಭರವಸೆಯಿಲ್ಲ, ಓದಿದ ಮಕ್ಕಳಿಗೆ ಕೆಲಸವಿಲ್ಲ. ಎರಡೇ ವರ್ಷ ಎನ್ನುವವರ ಮಾತು ಸಿಹಿಯಾಗಿ ಕೇಳುವುದು ಅದಕ್ಕೇ. ಕೇಳಿದವರನ್ನು ನಾವು ಹಾಸ್ಯ ಮಾಡುವುದಿಲ್ಲ. ಆ ಮಾತನ್ನು ಮಾರುವವರನ್ನು ಮಾತ್ರ, ಎಪ್ಪತ್ತು ವರ್ಷದ ಸಾಲನ್ನು ಯಾಕೆ ಬಿಟ್ಟಿರಿ ಎಂದು ಕೇಳುತ್ತೇವೆ. ನೀವೂ ಕೇಳಿ.